ವೆಬ್ ಮನೆತನದ ಹೆಸರು ಹುಡುಕಿಕೊಂಡು ಮೊಳಕಾಲ್ಮೂರಿಗೆ

ಆಷಾಢದ ಒಂದು ಬೆಳಗ್ಗೆ ಅರಸೀಕೆರೆಯಲ್ಲಿ ಹಿರಿಯೂರಿನ ಕೆಂಪು ಬಸ್ಸು ಹತ್ತಿದೆವು. ಹೊರಟವರು ನಾನು ಮತ್ತು ನನ್ನ ಗಂಡನ ಅಕ್ಕ ಡೋರೀನ್ ವೆಬ್. ಎಪ್ಪತ್ತರ ಹತ್ತಿರದ ಹೆಂಗಸು, ಕತ್ತರಿಸಿದ ಬಿಳಿಗೂದಲು, ಮೊಣಕಾಲಿನ ಕೆಳಗಿಳಿಯುವ ಹೂವಿನ ಗೌನು, ಹೆಗಲಿಗೆ ಬಟ್ಟೆಚೀಲ. ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಡದೆ ತಾನೇ ಹಿಡಿದು ಕೂತಳು. ಕಂಡಕ್ಟರ್ ಬಂದಾಗ ಇಬ್ಬರೂ ಆಧಾರ್ ಕಾರ್ಡು ತೋರಿಸಿದೆವು. ನನ್ನದನ್ನು ನೋಡಿದ ಹಾಗೆ ಮಾಡಿ ಶೂನ್ಯ ಟಿಕೆಟ್ ಹರಿದುಕೊಟ್ಟ ಆ ಮನುಷ್ಯ ಡೋರೀನಕ್ಕನದನ್ನು ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮೇಡಂ, ಇದು ಕರ್ನಾಟಕದ ಹೆಂಗಸರಿಗೆ ಮಾತ್ರ ಫ್ರೀ."

"ಹುಟ್ಟಿದ್ದು ಇದೇ ಊರಿನ ರೈಲ್ವೆ ಆಸ್ಪತ್ರೇಲಿ ಕಣಪ್ಪ. ನಿನಗಿಂತ ಮುಂಚಿನಿಂದ ನಾನು ಕರ್ನಾಟಕದವಳು" ಎಂದಳು ಡೋರೀನಕ್ಕ.

ಅವನು ನಾಚಿಕೊಂಡು ಟಿಕೆಟ್ ಹರಿದ. ಆದರೂ ಕುತೂಹಲ ಬಿಡಲಿಲ್ಲ. "ವೆಬ್ ಅಂದ್ರೆ ಏನು ಮೇಡಂ? ವೆಬ್‌ಸೈಟ್ ಅಂತಾರಲ್ಲ, ಅದಾ?"

ಡೋರೀನಕ್ಕ ನನ್ನ ಮುಖ ನೋಡಿ ಜೋರಾಗಿ ನಕ್ಕಳು. ನಾವು ಈ ಪ್ರಯಾಣ ಹೊರಟದ್ದೇ ಅಂಥದೊಂದು ಪ್ರಶ್ನೆಯ ದೆಸೆಯಿಂದ.

ನನ್ನ ಮಗಳು ಅನಿತಾ ದಾವಣಗೆರೆಯಲ್ಲಿ ಪ್ರಯೋಗಾಲಯದ ಕೆಲಸದಲ್ಲಿದ್ದಾಳೆ. ಅವಳ ಮದುವೆ ಕಡೂರಿನ ಕಡೆಯ ಹುಡುಗನೊಂದಿಗೆ ಗೊತ್ತಾಗಿತ್ತು. ಮಾತುಕತೆಗೆ ಬಂದ ದಿನ ಹುಡುಗನ ದೊಡ್ಡಪ್ಪ ಕಾಫಿ ಕುಡಿಯುತ್ತ, "ನಮ್ಮದು ಹೊಸಮನೆ. ನಮ್ಮ ತಾತ ಊರ ಹೊರಗೆ ಹೊಸದಾಗಿ ಮನೆ ಕಟ್ಟಿದ್ರು, ಅದಕ್ಕೆ ಆ ಹೆಸರು. ನಿಮ್ಮ ವೆಬ್ ಅಂದ್ರೆ ಏನಮ್ಮ?" ಎಂದು ಕೇಳಿದರು. ಕುಹಕವೇನಿಲ್ಲ, ಸುಮ್ಮನೆ ಕೇಳಿದ್ದು. ಆದರೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಪಕ್ಕದ ಹಳ್ಳಿಯಿಂದ ಬಂದವಳು. ರೈಲ್ವೆಯಲ್ಲಿದ್ದ ಡೆನಿಸ್ ವೆಬ್‌ನನ್ನು ಮೆಚ್ಚಿ ಮದುವೆಯಾದೆ, ಹೆಸರು ಅದರ ಜೊತೆಗೇ ಬಂತು. ಡೆನಿಸ್ ಈಗಿಲ್ಲ. ಅವರ ಮುತ್ತಜ್ಜ ಇಂಗ್ಲೆಂಡಿನಿಂದ ರೈಲು ದುರಸ್ತಿಯ ಕೆಲಸಕ್ಕೆ ಬಂದವನು, ಇಲ್ಲಿಯ ಹೆಣ್ಣನ್ನೇ ಕಟ್ಟಿಕೊಂಡು ಇಲ್ಲಿಯೇ ಮಣ್ಣಾದವನು ಎಂಬುದಷ್ಟೇ ಮನೆಯಲ್ಲಿ ಉಳಿದ ಮಾತು. ಅವನ ಊರು ಯಾವುದು, ಯಾಕೆ ಬಂದ ಎಂದು ಹೇಳುವವರಿಲ್ಲ.

ಬಂದವರು ಹೋದ ಮೇಲೆ ಅನಿತಾ, "ಅರ್ಥವೇ ಗೊತ್ತಿಲ್ಲದ ಹೆಸರನ್ನ ಯಾಕಮ್ಮ ಹೊತ್ಕೊಂಡು ತಿರುಗಬೇಕು? ಮದುವೆ ಆದ್ಮೇಲೆ ಬಿಟ್ಬಿಡ್ತೀನಿ" ಎಂದು ಹಗುರವಾಗಿ ಅಂದಳು. ಡೋರೀನಕ್ಕ ಎದ್ದು ಹೋಗಿ ಗಿಡಕ್ಕೆ ನೀರು ಹಾಕತೊಡಗಿದಳು. ಅವಳು ಮದುವೆಯಾದವಳಲ್ಲ. ಅನಿತಾ ಕೈಬಿಟ್ಟರೆ ಆ ಹೆಸರು ತನ್ನೊಂದಿಗೇ ಮುಗಿಯಿತು ಎಂದು ಅವಳಿಗೆ ತೋರಿರಬೇಕು.

ಹದಿನೈದು ದಿನ ಕಳೆದಿರಬಹುದು. ಒಂದು ಸಂಜೆ ಡೋರೀನಕ್ಕ ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ನುಗ್ಗಿದಳು. "ಶಾರದಾ, ನೇಕಾರರು! ನಾವು ನೇಕಾರರು ಕಣೇ!" ಅಂದಳು. ಬೆಂಗಳೂರಿನ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡಿದ ಹಳೆಯ ಗೆಳತಿಯನ್ನು ವಿಚಾರಿಸಿದ್ದಳಂತೆ. ಹಳೆಯ ಇಂಗ್ಲಿಷಿನಲ್ಲಿ ಬಟ್ಟೆ ನೇಯುವವನಿಗೆ 'ವೆಬ್ಬ' ಎನ್ನುತ್ತಿದ್ದರಂತೆ. ಕಸುಬಿನ ಹೆಸರೇ ಮನೆತನದ ಹೆಸರಾಗಿ ನಿಂತಿತು. ನಮ್ಮಲ್ಲಿ ಬಡಿಗೇರ, ಕಂಬಾರ, ಪತ್ತಾರ ಎಂದು ಅಡ್ಡಹೆಸರು ಇರುವಂತೆಯೇ ಅಲ್ಲಿ ಸ್ಮಿತ್ ಎಂದರೆ ಕಮ್ಮಾರ, ಪಾಟರ್ ಎಂದರೆ ಕುಂಬಾರ, ವೆಬ್ ಎಂದರೆ ನೇಕಾರ. "ಇಷ್ಟು ವರ್ಷ ಬದುಕಿದೀನಿ, ಒಂದು ಮಗ್ಗ ಮುಟ್ಟಿ ನೋಡಿಲ್ಲ. ನಡಿ, ಹೋಗೋಣ" ಎಂದಳು. ಮದುವೆಯ ಸೀರೆಯೂ ಆಗಬೇಕಿತ್ತು. ರೇಷ್ಮೆ ಎಂದರೆ ಮೊಳಕಾಲ್ಮೂರು ಎಂದು ನಾನೇ ಹೇಳಿದೆ.

ಹುಳಿಯಾರು ದಾಟಿದ ಮೇಲೆ ತೆಂಗು ತೆಳುವಾಗುತ್ತ ಹೋಯಿತು. ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಅನ್ನ ಸಾರು ಉಂಡು ಚಳ್ಳಕೆರೆಗೆ ಬಂದಾಗ ಹೊತ್ತು ವಾಲಿತ್ತು. ಮಳೆಯಿಲ್ಲ, ಬರೀ ಗಾಳಿ. ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಡೋರೀನಕ್ಕನ ಗೌನು ಕೊಡೆಯಂತೆ ಉಬ್ಬಿತು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಅವಳು ಓಡುವಂತೆ ನಡೆದಳು. ಊರಿಡೀ ಶೇಂಗಾ ಎಣ್ಣೆಯ ವಾಸನೆ. ನಿಲ್ದಾಣದ ಹತ್ತಿರವೇ ಲಾಡ್ಜು ಸಿಕ್ಕಿತು. ಬಾಡಿಗೆ ಎಂಟುನೂರು, ಬಿಸಿನೀರು ಬೆಳಗ್ಗೆ ಮಾತ್ರ. ಕೈಕಾಲು ತೊಳೆದವಳೇ ಡೋರೀನಕ್ಕ, "ಇಲ್ಲಿ ಕಂಬಳಿ ನೇಯ್ತಾರಂತಲ್ಲ, ಬಾ" ಎಂದು ಎಳೆದುಕೊಂಡು ಹೊರಟಳು.

ಕೇಳುತ್ತ ಹೋದೆವು. ಊರಂಚಿನ ಓಣಿಯಲ್ಲಿ ಕರಿಯಪ್ಪ ಎಂಬುವರ ಅಂಗಳದ ತುಂಬ ಕರಿ ಉಣ್ಣೆಯ ನೂಲು ಉದ್ದಕ್ಕೆ ಹಾಸಿ ಕಟ್ಟಿತ್ತು. ಅವರು ಹುಣಿಸೆಬೀಜದ ಗಂಜಿಯನ್ನು ಅದಕ್ಕೆ ಸವರುತ್ತಿದ್ದರು. ಗಂಜಿ ಹಾಕದಿದ್ದರೆ ನೂಲಿಗೆ ಬಿಗಿ ಬರುವುದಿಲ್ಲವಂತೆ. ಡೋರೀನಕ್ಕ ತನ್ನ ಹೆಸರಿನ ಕತೆಯನ್ನು ಒಂದೇ ಉಸುರಿಗೆ ಹೇಳಿ, "ಹಾಗಾದ್ರೆ ನಾನೂ ನಿಮ್ಮವಳೇ ಅಲ್ವಾ?" ಎಂದಳು.

ಕರಿಯಪ್ಪ ಕೈ ನಿಲ್ಲಿಸದೆಯೇ ತಲೆಯಾಡಿಸಿದರು. "ಇಲ್ರಮ್ಮ. ನಾವು ಕುರುಬರು. ಕುರಿ ಕಾಯೋದೂ ನಾವೇ, ಉಣ್ಣೆ ಕತ್ತರಿಸೋದೂ ನಾವೇ, ಕಂಬಳಿ ನೇಯೋದೂ ನಾವೇ. ನೇಕಾರ್ರು ಅಂದ್ರೆ ಬ್ಯಾರೆ, ರೇಷ್ಮೆಯೋರು. ಮೊಳಕಾಲ್ಮೂರ್‌ನಾಗೆ ಅದಾರೆ ಹೋಗ್ರಿ."

ಡೋರೀನಕ್ಕನ ಮುಖ ಒಂದು ಕ್ಷಣ ಪೆಚ್ಚಾಯಿತು. ಮರುಕ್ಷಣವೇ, "ಅಯ್ಯೋ, ನಮ್ಮ ರೈಲ್ವೆ ಕಾಲೊನೀಲಿ ಪಕ್ಕದ ಮನೆಯವರು ಶೆಫರ್ಡ್ ಅಂತ, ರೈಲಿನ ಗಾರ್ಡು. ಶೆಫರ್ಡ್ ಅಂದ್ರೆ ಕುರಿ ಕಾಯೋನು. ಹಾಗಾದ್ರೆ ನಿಮ್ಮವರು ಅವರು!" ಎಂದಳು.

ಕರಿಯಪ್ಪನ ಕೈ ಈಗ ನಿಂತಿತು. "ಹೌದಾ? ಅವರತ್ರ ಎಷ್ಟು ಕುರಿ ಇದ್ವು?"

"ಕುರಿ ಇರಲಿಲ್ಲ. ಒಂದು ನಾಯಿ ಇತ್ತು."

"ಕುರಿ ಹೋದ್ರೂ ನಾಯಿ ಬಿಟ್ಟಿಲ್ಲ ನೋಡ್ರಿ" ಎಂದು ಕರಿಯಪ್ಪ ಗಟ್ಟಿಯಾಗಿ ನಕ್ಕರು. ಅವರ ಹೆಂಡತಿ ಒಳಗಿನಿಂದ ಚಾ ತಂದರು. ನಾನು ಕರಿ ಅಂಚಿನ ಒಂದು ಕಂಬಳಿ ಕೊಂಡೆ. ರಾತ್ರಿ ಲಾಡ್ಜಿನ ಕಿಟಕಿ ಸಂದಿಯಿಂದ ನುಗ್ಗಿದ ಗಾಳಿಗೆ ಅದನ್ನು ಇಬ್ಬರೂ ಹೊದ್ದೆವು. ಚುಚ್ಚುತ್ತಿತ್ತು, ಆದರೆ ಬೆಚ್ಚಗಿತ್ತು.

ಮರುದಿನ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಮೊಳಕಾಲ್ಮೂರಿನ ಬಸ್ಸು ಹಿಡಿದೆವು. ತಳಕು ದಾಟಿ ಹಾನಗಲ್ಲಿನ ಹತ್ತಿರ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಬಂಡೆಯ ಗುಡ್ಡಗಳು ಎರಡೂ ಕಡೆ ಎದ್ದು ನಿಂತವು. ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಕೆಲಸ ಅರ್ಧಕ್ಕೆ ಬಿಟ್ಟು ಹೋದಂತಿದ್ದವು. ಬಸ್ಸಿನಲ್ಲಿ ಕನ್ನಡ ಮೆಲ್ಲಗೆ ತೆಲುಗಿಗೆ ಹೊರಳುತ್ತಿತ್ತು. ಮುಂದಿನ ಸೀಟಿನ ಹೆಂಗಸರು ಮಾತು ಶುರು ಮಾಡುವುದು ಒಂದು ಭಾಷೆಯಲ್ಲಿ, ಮುಗಿಸುವುದು ಇನ್ನೊಂದರಲ್ಲಿ.

ಮೊಳಕಾಲ್ಮೂರಿನಲ್ಲಿ ಇಳಿದೊಡನೆ ಆಟೊದ ಬಾಷಾ ಎದುರಾದ. ಡೋರೀನಕ್ಕನನ್ನು ನೋಡಿದವನೇ, "ಸಿದ್ದಾಪುರಕ್ಕಾ ಅಮ್ಮಾ? ಅಶೋಕ ರಾಜನ ಪತ್ಥರ್ ನೋಡಾಕಾ? ಹೊರಗ್ಲಿಂದ ಬರೋರೆಲ್ಲ ಅಲ್ಲಿಗೇ ಹೋಗ್ತಾರೆ" ಎಂದ.

"ಸಾವಿರಾರು ವರ್ಷ ಕೂತಿರೋ ಬಂಡೆ ನಾಳೆವರೆಗೂ ಕೂತಿರುತ್ತೆ. ಇವತ್ತು ಮಗ್ಗ ಇರೋ ಮನೆಗೆ ನಡಿ" ಎಂದಳು ಡೋರೀನಕ್ಕ.

ಅವನು ನಮ್ಮನ್ನು ಇಳಿಸಿದ ಬೀದಿಯನ್ನು ಕಿವಿಯಿಂದಲೇ ಗುರುತಿಸಬಹುದಿತ್ತು. ಮನೆಮನೆಯಿಂದಲೂ ಟಕ್ ಟಕ್, ಟಕ್ ಟಕ್. ಬಾಷಾ ಒಂದು ಬಾಗಿಲ ಮುಂದೆ ನಿಂತು, "ಪಾರ್ವತಮ್ಮಾ, ಸೀರೆಗೆ ಬಂದವ್ರೆ" ಎಂದು ಕೂಗಿದ. ಹೊರಬಂದ ಪಾರ್ವತಮ್ಮ ಡೋರೀನಕ್ಕನಷ್ಟೇ ವಯಸ್ಸಿನವರು, ತೆಳ್ಳಗೆ, ಎತ್ತರಕ್ಕೆ ಇದ್ದರು. ಗೌನು ಕಂಡವರೇ ಸೆರಗು ಸರಿಪಡಿಸಿಕೊಂಡು ಬಾಷಾನ ಮುಖ ನೋಡಿದರು. ಡೋರೀನಕ್ಕ ಅಚ್ಚ ಅರಸೀಕೆರೆ ಕನ್ನಡದಲ್ಲಿ, "ಒಳಗೆ ಬರಬಹುದೇನಮ್ಮ?" ಎಂದಾಗ ಅವರ ಮುಖ ಬಿಚ್ಚಿಕೊಂಡಿತು. "ಬರ್ರಿ, ಬರ್ರಿ. ತಲೆ ನೋಡ್ಕೊಂಡು ಬರ್ರಿ, ಬಾಗಿಲು ತಗ್ಗು ಐತೆ."

ನಡುಮನೆಯ ಅರ್ಧವನ್ನು ಗುಂಡಿ ಮಗ್ಗವೇ ಹಿಡಿದಿತ್ತು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ಪಾರ್ವತಮ್ಮನ ಸೊಸೆ ಲಕ್ಷ್ಮೀದೇವಿ ನೇಯುತ್ತಿದ್ದಳು. ಒಂದು ಕೈ ಮೇಲಿನ ಹಗ್ಗ ಎಳೆದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತಿತ್ತು. ಬದನೆಕಾಯಿ ಬಣ್ಣದ ಒಡಲು, ಹಳದಿ ಅಂಚು, ಅಂಚಿನಲ್ಲಿ ಜರಿಯ ಗೋಪುರಗಳು. ಮಗ ಮಂಜುನಾಥ ಪಕ್ಕದಲ್ಲಿ ಕೂತು ರೇಷ್ಮೆಯ ಎಳೆ ಸುತ್ತುತ್ತಿದ್ದ. ಡೋರೀನಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಸೀರೆಯ ಮಾತನ್ನೇ ಅವಳು ಎತ್ತಲಿಲ್ಲ.

"ನಿಮ್ಮ ಹೆಸರೇನ್ರಿ?" ಪಾರ್ವತಮ್ಮ ಕೇಳಿದರು.

"ಡೋರೀನ್ ವೆಬ್."

"ಎಬ್ಬು?"

"ವೆಬ್. ಮನೆತನದ ಹೆಸರು. ನಮ್ಮ ಮುತ್ತಜ್ಜ ಇಂಗ್ಲೆಂಡಿನಿಂದ ರೈಲಿನ ಕೆಲಸಕ್ಕೆ ಬಂದೋನು. ಅಲ್ಲಿಯ ಹಳೆ ಮಾತಲ್ಲಿ ವೆಬ್ ಅಂದ್ರೆ ನೇಯೋನು ಅಂತ ಅರ್ಥವಂತೆ. ಈಗ ವೆಬ್ ಅಂದ್ರೆ ಜೇಡರ ಬಲೆ."

ಲಾಳಿ ನಿಂತಿತು. ಲಕ್ಷ್ಮೀದೇವಿ ಹಿಂದಿರುಗಿ ನೋಡಿದಳು. ಪಾರ್ವತಮ್ಮ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಆಮೇಲೆ ಕೈ ತೆಗೆದು, "ನಮ್ಮಲ್ಲೂ ಹಂಗೇ ಅಲ್ವೇನ್ರಿ!" ಎಂದರು. "ಮನೆಯಾಗೆ ನಾವು ತೆಲುಗು ಮಾತಾಡೋದು. ನೇಯೋರಿಗೆ ಸಾಲೋಳ್ಳು ಅಂತೀವಿ. ಬಲೆ ಕಟ್ಟೋ ಹುಳಕ್ಕೆ ಸಾಲೆಪುರುಗು. ಪುರುಗು ಅಂದ್ರೆ ಹುಳ. ಸಾಲೋರ ಹುಳ ಅದು!"

ಕನ್ನಡದ ಜೇಡ ಎಂಬ ಮಾತೂ ಹಾಗೆಯೇ. ಜೇಡ ಎಂದರೆ ಬಲೆ ಕಟ್ಟುವ ಹುಳ. ಜೇಡರು ಎಂದರೆ ನೇಯುವ ಜನ. ಅದನ್ನು ನಾನು ಹೇಳುತ್ತಿದ್ದಂತೆ ಮೂವರೂ ಒಟ್ಟಿಗೆ ಮಾತಾಡತೊಡಗಿದೆವು. ಕನ್ನಡ, ತೆಲುಗು, ಇಂಗ್ಲಿಷ್! ಒಬ್ಬರ ಮುಖ ಒಬ್ಬರು ಕಾಣದ ಕಾಲದಲ್ಲಿ ಮೂರು ನಾಡಿನ ಜನರೂ ಮೂಲೆಯಲ್ಲಿ ಬಲೆ ಕಟ್ಟುವ ಆ ಹುಳವನ್ನು ನೋಡಿ ಒಂದೇ ಮಾತು ನೆನೆದಿದ್ದರು. ಡೋರೀನಕ್ಕ ನಿಂತಲ್ಲಿ ನಿಲ್ಲಲಾರದೆ ನನ್ನ ತೋಳನ್ನು ಹಿಡಿದು ಅಲ್ಲಾಡಿಸಿದಳು. "ಇಂಗ್ಲೆಂಡ್‌ನಾಗೂ ಸಾಲೋರು ಇದ್ರಾ! ಮನೋಳ್ಳೇ ನೀವು" ಎಂದರು ಪಾರ್ವತಮ್ಮ. ನಮ್ಮವರೇ ಎಂದರ್ಥ.

ಆಗ ಮಂಜುನಾಥ ತಲೆಯೆತ್ತದೆ ಅಂದ: "ನಮ್ಮೋರೇನೋ ಸರಿ ಅವ್ವ. ಆದ್ರೆ ಅವರ ದೇಶದ ಮಿಲ್ ಬಟ್ಟೆ ಬಂದೇ ಅಲ್ವಾ ನಮ್ಮ ಜನದ ಮಗ್ಗ ನಿಂತಿದ್ದು? ತಾತ ಹೇಳ್ತಿರಲಿಲ್ವಾ?"

ಒರಟಾಗಿ ಅಂದ ಮಾತಲ್ಲ, ಇದ್ದದ್ದನ್ನು ಅಂದದ್ದು. ಡೋರೀನಕ್ಕನ ಕೈ ನನ್ನ ತೋಳಿನಿಂದ ಜಾರಿತು. 'ನೀವು ಯಾವ ದೇಶದವರು, ಯಾಕೆ ವಾಪಸ್ ಹೋಗಲಿಲ್ಲ' ಎಂಬ ಮಾತನ್ನು ಅವಳು ಹುಡುಗಿಯಾಗಿದ್ದಾಗಿನಿಂದ ಕೇಳಿದವಳು. ನಗುತ್ತಲೇ ಉತ್ತರ ಕೊಡುತ್ತ ಬಂದವಳು. ಇಲ್ಲಿ ನಗು ಬರಲಿಲ್ಲ. "ಹೌದಪ್ಪ, ಅದೂ ನಿಜವೇ" ಎಂದಳು ಸಣ್ಣ ದನಿಯಲ್ಲಿ.

ಪಾರ್ವತಮ್ಮ ಮಗನ ಕಡೆ ತಿರುಗಿದರು. "ಲೇ ಮಂಜ, ಮಿಲ್ ಹಾಕ್ದೋನು ಯಾರು? ಸಾವ್ಕಾರ ತಾನೆ? ಅಲ್ಲಿ ಮಿಲ್ ಬಂದ್ಮೇಲೆ ಅಲ್ಲಿನ ಸಾಲೋನ ಮಗ್ಗ ಮಾತ್ರ ನಡೀತಿತ್ತೇನೋ? ಮೊದ್ಲು ನಿಂತಿದ್ದು ಅವನದೇ ಇರಬೇಕು." ಆಮೇಲೆ ಡೋರೀನಕ್ಕನ ಕಡೆ ನೋಡಿ, "ಅದಕ್ಕೇ ಇರಬೇಕು ನೋಡ್ರಿ, ನಿಮ್ಮ ಮುತ್ತಜ್ಜ ಸಮುದ್ರ ದಾಟಿ ರೈಲಿನ ಕೆಲ್ಸಕ್ಕೆ ಬಂದಿದ್ದು. ಮಗ್ಗ ನಡೀತಿದ್ರೆ ಯಾರ್ರೀ ಮನೆ ಬಿಟ್ಟು ಹೋಗ್ತಾರೆ? ನಮ್ಮ ಮೈದುನ ಹೋಗ್ಲಿಲ್ವಾ ಬಳ್ಳಾರಿಗೆ, ಲಾರಿ ಓಡ್ಸಾಕೆ?"

ಅದು ಹಾಗೆಯೇ ಇತ್ತೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ. ಆದರೆ ಯಾಕೆ ಬಂದನೆಂದೇ ತಿಳಿಯದ ಮುತ್ತಜ್ಜನಿಗೆ ಆವತ್ತು ಆ ಮನೆಯಲ್ಲಿ ಮೊದಲ ಸಲ ಒಂದು ಕಾರಣ ಸಿಕ್ಕಿತು. ಡೋರೀನಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಕಣ್ಣು ಒರೆಸಿಕೊಳ್ಳುತ್ತಲೇ, "ಇದನ್ನ ಕೇಳೋಕೆ ಡೆನಿಸ್ ಇರಬೇಕಿತ್ತು ಕಣೇ ಶಾರದಾ" ಎಂದಳು. ಮಂಜುನಾಥ ಎದ್ದು ಹೋಗಿ ಒಂದು ಚೊಂಬು ನೀರು ತಂದು ಅವಳ ಮುಂದಿಟ್ಟ. "ತಪ್ಪು ತಿಳ್ಕೊಬ್ಯಾಡ್ರಿ. ಮಗ್ಗದ ಮ್ಯಾಲೆ ಕೂತು ನೋಡ್ತೀರಾ?" ಎಂದ.

ಬೇಡವೆನ್ನುವವಳೇ ಅವಳು? ಮಗ್ಗದ ಮೇಲಿದ್ದ ಸೀರೆ ಮುಗಿದು ರವಿಕೆ ಕಣ ನಡೆಯುತ್ತಿತ್ತು. ಅಲ್ಲಿ ಎರಡೆಳೆ ತಪ್ಪಿದರೆ ಪರವಾಗಿಲ್ಲ ಎಂದಳು ಲಕ್ಷ್ಮೀದೇವಿ. ಡೋರೀನಕ್ಕ ಗೌನು ಎತ್ತಿ ಕಟ್ಟಿಕೊಂಡು ಗುಂಡಿಯೊಳಗೆ ಕಾಲು ಇಳಿಸಿದಳು. ಮೊದಲ ಸಲ ಹಗ್ಗ ಎಳೆದಾಗ ಲಾಳಿ ನಡುದಾರಿಯಲ್ಲೇ ನಿಂತಿತು. ಎರಡನೆಯ ಸಲ ಹೊರಗೇ ಹಾರಿ ಬಂತು. ನಾನು ಹಿಂದೆ ಸರಿದೆ. ಲಕ್ಷ್ಮೀದೇವಿ ಅವಳ ಮುಂಗೈ ಹಿಡಿದು, "ಎಳ್ಕೊಂಡೇ ಇರಬ್ಯಾಡ್ರಿ ಅಮ್ಮ, ಒಂದ್ಸಲ ಜಗ್ಗಿ ಬಿಟ್ಬಿಡ್ರಿ. ಕಾಲು ಮೊದ್ಲು, ಆಮ್ಯಾಲೆ ಕೈ" ಎಂದು ಹೇಳಿಕೊಟ್ಟಳು. ಆಮೇಲೆ ಆದದ್ದನ್ನು ನಾನು ಕಣ್ಣಾರೆ ಕಂಡೆ. ಕಾಲು ತುಳಿಯಿತು, ಲಾಳಿ ಹಾರಿತು, ಹಲಗೆ ಬಡಿಯಿತು. ಟಕ್ ಟಕ್. ಮತ್ತೆ ಟಕ್ ಟಕ್. ಐದಾರು ಎಳೆ ನೇರವಾಗಿ ಕೂತವು!

"ರಕ್ತದಾಗೇ ಐತೆ ನೋಡ್ರಿ!" ಎಂದು ಪಾರ್ವತಮ್ಮ ಚಪ್ಪಾಳೆ ತಟ್ಟಿದರು.

"ರಕ್ತ ಅಲ್ಲಮ್ಮ. ನಲವತ್ತು ವರ್ಷ ಚರ್ಚಿನಲ್ಲಿ ಆರ್ಗನ್ ತುಳಿದಿದೀನಿ. ಕೈಕಾಲು ಒಟ್ಟಿಗೆ ಆಡಿಸಿ ಗೊತ್ತು" ಎಂದಳು ಡೋರೀನಕ್ಕ. ಹೇಳುವಾಗ ಅವಳ ಮುಖ ಕೆಂಪೇರಿ ಹೊಳೆಯುತ್ತಿತ್ತು. ರಕ್ತ ಎಂಬ ಮಾತೂ ಅವಳಿಗೆ ಬೇಡವಾಗಿರಲಿಲ್ಲ ಎಂದು ನನಗೆ ಗೊತ್ತಾಯಿತು.

ನಾನು ಅನಿತಾಗೆ ವೀಡಿಯೊ ಕರೆ ಮಾಡಿದೆ. ಕೆಲಸದ ನಡುವೆ ಬಿಳಿ ಕೋಟಿನಲ್ಲೇ ಬಂದಳು. "ಅಮ್ಮ, ಅತ್ತೆ ಎಲ್ಲಿ ಕೂತಿದಾರೆ? ಅದೇನು, ಗುಂಡಿ?" ಎಂದು ಕಿರುಚಿದಳು. ಹೆಸರು ಬಿಡುವ ಮಾತನ್ನು ಡೋರೀನಕ್ಕ ಆ ಮನೆಯವರಿಗೆ ಆಗಲೇ ಹೇಳಿಬಿಟ್ಟಿದ್ದಳು. ನಾನು ಎಲ್ಲವನ್ನೂ ಹೇಳಿ ಮುಗಿಸುವ ಮೊದಲೇ ಪಾರ್ವತಮ್ಮ ಫೋನು ಈಸಿಕೊಂಡು ಮುಖದ ತೀರ ಹತ್ತಿರ ಹಿಡಿದರು. ಅನಿತಾಗೆ ಅವರ ಒಂದು ಕಣ್ಣು, ಮೂಗುಬೊಟ್ಟು ಮಾತ್ರ ಕಂಡಿರಬೇಕು.

"ಏನಮ್ಮ, ನೀನೇನಾ ಮದುಮಗಳು? ಹೆಸರು ಬಿಡ್ತೀನಿ ಅಂದ್ಯಂತೆ?"

"ಅದು... ಸುಮ್ನೆ ಅಂದಿದ್ದು ಅಜ್ಜಿ."

"ಬಿಡಬ್ಯಾಡ ಕಣಮ್ಮ. ಮಗ್ಗ ಹೋದ್ರೂ ಹೆಸರು ಉಳಿಸ್ಕೊಂಡು ಅಲ್ಲಿಂದ ಇಲ್ಲಿವರೆಗೂ ತಂದಾರೆ ನಿಮ್ಮೋರು. ನಿಮ್ಮ ಮಾವ ಕೇಳಿದ್ರೆ ಹೇಳು, ನಾವು ನೇಯೋರು ಅಂತ. ಹೇಳ್ತೀಯಾ?"

ಅನಿತಾ ಹಾಗೆಲ್ಲ ಬೇರೆಯವರ ಮಾತಿಗೆ ತಲೆಯಾಡಿಸುವವಳಲ್ಲ. "ಅತ್ತೆ ನೇಯ್ದಿದ್ದು ತೋರಿಸಿ" ಎಂದಳು. ಲಕ್ಷ್ಮೀದೇವಿ ಫೋನನ್ನು ಮಗ್ಗದ ಮೇಲೆ ಹಿಡಿದಳು. ಮೊದಲೆರಡು ಎಳೆ ಸೊಟ್ಟಗೆ, ಆಮೇಲಿನವು ನೇರ. ಅನಿತಾ ಬಹಳ ಹೊತ್ತು ನೋಡಿದಳು. "ಸರಿ ಅಜ್ಜಿ, ಅನಿತಾ ವೆಬ್ ಅಂತಲೇ ಇರ್ತೀನಿ. ನಾನೇ ಕಡೂರಿಗೆ ಫೋನ್ ಮಾಡಿ ಹೇಳ್ತೀನಿ, ಅರ್ಥ ಸಿಕ್ತು ಅಂತ" ಎಂದಳು. ಡೋರೀನಕ್ಕ ಗುಂಡಿಯೊಳಗಿಂದ ಏಳಲೇ ಇಲ್ಲ. ಮುಖ ಆಚೆ ತಿರುಗಿಸಿಕೊಂಡು ಇನ್ನೊಂದು ಎಳೆ ಹಾಕಿದಳು.

ಮಧ್ಯಾಹ್ನ ಅಲ್ಲಿಯೇ ಉಂಡೆವು. ರಾಗಿ ಮುದ್ದೆ, ಅವರೆಕಾಳು ಸಾರು, ಶೇಂಗಾ ಚಟ್ನಿ. ಮದುವೆಗೆ ಸೀರೆ ಹೊಸದಾಗಿ ನೇಯಲು ಹೇಳಿದೆವು. ಬಣ್ಣ ಯಾವುದೆಂದು ಅರ್ಧ ತಾಸು ಚರ್ಚೆ ನಡೆಯಿತು. ಕೊನೆಗೆ ಗೆದ್ದದ್ದು ಲಕ್ಷ್ಮೀದೇವಿ: ಮಾವಿನ ಚಿಗುರಿನ ಬಣ್ಣದ ಒಡಲು, ಅಂಚಿಗೆ ನವಿಲು. ಆ ರಾತ್ರಿ ಲಾಡ್ಜು ಹುಡುಕಲು ಪಾರ್ವತಮ್ಮ ಬಿಡಲಿಲ್ಲ. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಟ್ಟರು.

ಬೆಳಗ್ಗೆ ಬಾಷಾನ ಮನಸ್ಸು ನೋಯಿಸಬಾರದೆಂದು ಸಿದ್ದಾಪುರಕ್ಕೂ ಹೋಗಿಬಂದೆವು. ಕುರಿಗಳು ಮೇಯುವ ಬಯಲು ದಾಟಿ ಬಂಡೆಯ ಬಳಿ ನಿಂತಾಗ ಗಾಳಿ ನಮ್ಮನ್ನು ತಳ್ಳುತ್ತಿತ್ತು. ಅಕ್ಷರಗಳು ಸವೆದಿವೆ, ನಮಗೆ ಓದಲು ಬರುವುದಿಲ್ಲ. ಆದರೆ ಕೆತ್ತಿದವನು ಕೊನೆಯಲ್ಲಿ ತನ್ನ ಹೆಸರು ಬರೆದು, ಜೊತೆಗೆ ಲಿಪಿಕಾರ ಎಂಬ ತನ್ನ ಕಸುಬನ್ನೂ ದೂರದ ವಾಯವ್ಯ ನಾಡಿನ ಲಿಪಿಯಲ್ಲಿ ಸೇರಿಸಿದ್ದಾನೆ ಎಂದು ನಾನು ಓದಿ ತಿಳಿದಿದ್ದೆ. ಅದನ್ನು ಹೇಳಿದಾಗ ಡೋರೀನಕ್ಕ ಬಂಡೆಯ ಮುಂದೆ ಬಗ್ಗಿ, "ನೋಡಿದ್ಯಾ, ಇವನೂ ದೂರದಿಂದ ಬಂದೋನು!" ಎಂದಳು, ಪರಿಚಯದವರೊಬ್ಬರು ಸಿಕ್ಕಂತೆ.

ಬಸ್ಸಿಗೆ ಹೊತ್ತಾಗಿತ್ತು. ಪಾರ್ವತಮ್ಮ, ಲಕ್ಷ್ಮೀದೇವಿ ಇಬ್ಬರೂ ಬೀದಿಯ ತುದಿಯವರೆಗೆ ಬಂದರು. ಪಾರ್ವತಮ್ಮ ಡೋರೀನಕ್ಕನ ಹಣೆಗೆ ಕುಂಕುಮ ಇಡಲು ಹೋಗಿ, ಇಡಬಹುದೋ ಬಾರದೋ ಎಂದು ತಡೆದರು. ಡೋರೀನಕ್ಕ ತಾನೇ ಮುಂದೆ ಬಾಗಿ ಹಣೆ ಒಡ್ಡಿದಳು.

"ಮದುವೆಗೆ ಕರೀತೀರೇನ್ರಿ ನಮ್ಮನ್ನ?" ಎಂದು ಪಾರ್ವತಮ್ಮ ಸಂಕೋಚದಿಂದ ಕೇಳಿದರು.

ಡೆನಿಸ್ ಹೋದ ಮೇಲೆ ವೆಬ್ ಮನೆಯ ಪರವಾಗಿ ಚಪ್ಪರದಲ್ಲಿ ನಿಲ್ಲಲು ಇದ್ದವಳು ಡೋರೀನಕ್ಕ ಒಬ್ಬಳೇ. ಅವಳು ಪಾರ್ವತಮ್ಮನ ಎರಡೂ ಕೈ ಹಿಡಿದುಕೊಂಡಳು.

"ಕರೆಯೋದೇನಮ್ಮ? ನೀವು ಹೆಣ್ಣಿನ ಕಡೆಯವರು. ಮೊದಲೇ ಬಂದು ಬಂದೋರನ್ನ ಕೂರಿಸ್ಬೇಕು."

ಬಸ್ಸು ಗುಡ್ಡದ ತಿರುವು ಹಿಡಿಯುವಾಗ ಇಬ್ಬರೂ ಹಿಂದಿರುಗಿ ನೋಡಿದೆವು. ಧೂಳಿನಲ್ಲಿ ಅತ್ತೆ ಸೊಸೆಯರು ಇನ್ನೂ ನಿಂತೇ ಇದ್ದರು. ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದು ಪಾರ್ವತಮ್ಮ ಏನೋ ಕೂಗುತ್ತಿದ್ದರು. ಮಾತು ನಮಗೆ ಮುಟ್ಟಲಿಲ್ಲ. ಡೋರೀನಕ್ಕ ಕಿಟಕಿಯಿಂದ ತಲೆ ಹೊರಹಾಕಿ, ಕೇಳಿಸಿದವಳಂತೆ, "ಆಯ್ತು, ಆಯ್ತು!" ಎಂದು ಕೂಗಿದಳು.